ಒಂದು ಮಾರು ದೂರ

ಆಗುಂಬೆ ಸೀಮೆಯ ಒಂದು ಅಡಿಕೆ ತೋಟದ ಮನೆ. ಆಗಸ್ಟ್ ತಿಂಗಳ ಮಳೆ. ಕರೆಂಟು ಹೋಗಿ ಮೂರು ಗಂಟೆಯಾಗಿದೆ. ಜಗಲಿಯಲ್ಲಿ ಸೋದರಮಾವ ಕವಳದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಾರೆ. ಬೆಂಗಳೂರಿಂದ ಬಂದ ಸೊಸೆ ಕ್ಯಾಮೆರಾದ ಪುಟ್ಟ ಪರದೆಯನ್ನು ಅವರ ಮುಖದ ಹತ್ತಿರ ಹಿಡಿದಿದ್ದಾಳೆ.

ಮಾವ: ಎಂತ ಇದೆ ಇದರಲ್ಲಿ? ಕಾಳುಮೆಣಸಿನ ಬಳ್ಳಿ. ನಮ್ಮ ತೋಟದ್ದೇ.

ಸೊಸೆ: ಸರಿಯಾಗಿ ನೋಡಿ ಮಾವ.

ಮಾವ: ನೋಡಿದೆ ಮಾರಾಯ್ತಿ. ಎಲೆ ಇದೆ, ಎಳೇ ಗೊಂಚಲು ಇದೆ. ಕೆಳಗಿನ ಎರಡು ಎಲೆ ಹಳದಿ ತಿರುಗಿದೆ. ಸೊರಗು ರೋಗ ಬಂತೋ ಎಂತೋ. ಇದು ಯಾವ ಮರದ ಬಳ್ಳಿ ಹೇಳು, ನಾಳೆ ಬೆಳಿಗ್ಗೆ ಹೋಗಿ ನೋಡ್ತೇನೆ.

ಸೊಸೆ: ರೋಗ ಆಮೇಲೆ. ಬಳ್ಳಿಯಿಂದ ಆಚೆ ಚಾಚಿರೋ ಆ ದಂಟು ಇದೆಯಲ್ಲ, ಅದನ್ನ ನೋಡಿ.

ಮಾವ: ದಂಟು... ಓಹೋ. ದಂಟಿಗೆ ಕಣ್ಣಿದೆ! ಹಸಿರು ಹಾವು. ಅಲ್ಲ, ಐವತ್ತು ವರ್ಷದಿಂದ ಈ ತೋಟ ತಿರುಗ್ತಿದ್ದೇನೆ, ಇಷ್ಟು ಹೊತ್ತು ಕಣ್ಣಿಗೇ ಬೀಳಲಿಲ್ಲವಲ್ಲ.

ಸೊಸೆ: ನನಗೂ ಬಿದ್ದಿರಲಿಲ್ಲ. ಹಳ್ಳದ ಪಕ್ಕ ಒಂದು ಮರಗಪ್ಪೆ ಹುಡುಕ್ತಾ ನಿಂತಿದ್ದೆ. ಗಾಳಿ ಬಂತು, ಎಲೆ ಎಲ್ಲ ಅಲ್ಲಾಡಿತು. ಗಾಳಿ ನಿಂತು ಎಲೆ ಎಲ್ಲ ನಿಂತ ಮೇಲೂ ಒಂದು ದಂಟು ಮಾತ್ರ ತೂಗ್ತಾ ಇತ್ತು. ಅದೊಂದು ಕ್ಷಣ ತಡವಾಗಿ ನಿಂತಿತಲ್ಲ, ಅದರಿಂದಲೇ ಸಿಕ್ಕಿಬಿದ್ದಿದ್ದು. ಗಾಳಿಗೆ ಎಲೆ ತೂಗಿದ ಹಾಗೆ ತಾನೂ ತೂಗೋದು ಅದರ ಅಭ್ಯಾಸ. ಓಡಿ ಬೇಟೆಯಾಡೋ ಹಾವಲ್ಲ ಇದು. ಬಳ್ಳಿಯಾಗಿ ಕಾಯೋ ಹಾವು.

ಮಾವ: ಉದ್ದ ಎಷ್ಟಿತ್ತು?

ಸೊಸೆ: ನಾಲ್ಕೂವರೆ ಅಡಿ ಇರಬಹುದು. ದಪ್ಪ ನನ್ನ ಕಿರುಬೆರಳಿನಷ್ಟು. ತಲೆ ನೋಡಿ, ದೊಡ್ಡದು ಮಾಡ್ತೀನಿ. ಮೂಗು ಪೆನ್ಸಿಲ್ ಕೆತ್ತಿದ ಹಾಗೆ. ಕಣ್ಣಿಂದ ಮೂಗಿನ ತುದಿವರೆಗೆ ಎರಡೂ ಕಡೆ ಒಂದೊಂದು ತೋಡು ಇದೆ, ಕಾಣ್ತಾ?

ಮಾವ: ಹೌದು. ಗೆರೆ ಕೊರೆದ ಹಾಗಿದೆ.

ಸೊಸೆ: ಆ ತೋಡಿನ ಗುಂಟ ಅದರ ದೃಷ್ಟಿ ಮುಂದಕ್ಕೆ ಹಾಯುತ್ತೆ. ಹೆಚ್ಚಿನ ಹಾವುಗಳ ಕಣ್ಣು ಅಕ್ಕಪಕ್ಕ ನೋಡೋದು. ಇದು ಎರಡೂ ಕಣ್ಣನ್ನ ಒಟ್ಟಿಗೆ ಮುಂದಕ್ಕೆ ನೆಟ್ಟು ನೋಡಬಲ್ಲದು. ಓತಿಕ್ಯಾತ ಎಷ್ಟು ದೂರ ಕೂತಿದೆ ಅಂತ ಅಳೆಯೋಕೆ ಅದು ಬೇಕು. ಇನ್ನು ಕಣ್ಣಿನ ಪಾಪೆ ನೋಡಿ. ಗುಂಡಗಿಲ್ಲ, ಬೆಕ್ಕಿನದ್ದರ ಹಾಗೆ ನೆಟ್ಟಗೂ ಇಲ್ಲ.

ಮಾವ: ಅಡ್ಡ ಮಲಗಿದೆ. ನಮ್ಮ ಹಳೇ ಪೆಟ್ಟಿಗೆ ಬೀಗದ ತೂತಿನ ಹಾಗೆ.

ಸೊಸೆ: ಪುಸ್ತಕದಲ್ಲೂ ಹಾಗೇ ಬರೀತಾರೆ ಮಾವ, ಬೀಗದ ತೂತು ಅಂತಲೇ.

ಮಾವ: ಕಣ್ಣಿನ ಮಾತು ಬಂತಲ್ಲ, ಒಂದು ಹೇಳ್ತೇನೆ. ಸಣ್ಣವರಿದ್ದಾಗ ನಮಗೆ ಹೇಳ್ತಿದ್ದದ್ದು, ಹಸಿರು ಹಾವು ಕಣ್ಣಿಗೇ ಕುಕ್ಕೋದು ಅಂತ. ಬೇಲಿ ಸಂದಿಯಲ್ಲಿ ಹೋಗೋವಾಗ ಎಲ್ಲರೂ ಕಣ್ಣಿಗೆ ಕೈ ಅಡ್ಡ ಹಿಡಿದು ಓಡ್ತಿದ್ದೆವು. ನನಗೆ ಹತ್ತು ವರ್ಷ ಇದ್ದಾಗ ಒಂದನ್ನ ಕೊಂದಿದ್ದೆ. ದಾಸವಾಳದ ಗಿಡದಲ್ಲಿತ್ತು. ಕೋಲಲ್ಲಿ ಒಂದೇ ಪೆಟ್ಟು. ಆಮೇಲೆ ಎಲ್ಲ ಮಕ್ಕಳಿಗೂ ನಾನೇ ದೊಡ್ಡ ಜನ.

ಸೊಸೆ: ನೀವೊಬ್ಬರೇ ಅಲ್ಲ. ತಮಿಳಲ್ಲೂ ಅದಕ್ಕೆ ಕಣ್ಣು ಕುಕ್ಕೋ ಹಾವು ಅಂತಲೇ ಹೆಸರು. ವಿಜ್ಞಾನಿಗಳು ಈ ಕುಲಕ್ಕೆ ಇಟ್ಟ ಹೆಸರು ಅಹೇಟುಲ್ಲ. ಅದು ಲ್ಯಾಟಿನ್ ಅಲ್ಲ, ಸಿಂಹಳ ಮಾತು. ಅರ್ಥ ಅದೇ, ಕಣ್ಣು ಕೀಳೋದು.

ಮಾವ: ಹೌದನಾ? ಹಾಗಾದರೆ ಅಷ್ಟು ಜನ ಸುಮ್ಮನೆ ಹೇಳಿದ್ದಾ?

ಸೊಸೆ: ಸುಮ್ಮನೆ ಹೇಳಿದ್ದಲ್ಲ, ನೋಡಿದ್ದನ್ನ ತಪ್ಪಾಗಿ ಹೇಳಿದ್ದು ಅನ್ಸುತ್ತೆ. ನೆಲದ ಹಾವು ನಮ್ಮ ಕಾಲಿನ ಮಟ್ಟದಲ್ಲಿರುತ್ತೆ. ಇದು ಬೇಲಿ, ಗಿಡ, ಬಳ್ಳಿ ಮೇಲೆ ಇರೋದು, ಅಂದರೆ ನಮ್ಮ ಮುಖದ ಮಟ್ಟ. ನಾವು ಎಲೆ ಸರಿಸಿ ಮುಖ ಒಡ್ಡಿದರೆ ಎದುರಿಗೆ ಇರೋದು ನಮ್ಮ ಮುಖವೇ. ಹೆದರಿ ಮುನ್ನುಗ್ಗಿದರೆ ಮೂತಿ ಹೋಗೋದೂ ಅಲ್ಲಿಗೇ. ಹುಡುಕಿಕೊಂಡು ಬಂದು ಕಣ್ಣು ಕುಕ್ಕುವಷ್ಟು ದ್ವೇಷ ಅದಕ್ಕೆಲ್ಲಿದೆ?

ಮಾವ: ಸರಿ. ವಿಷ ಇದೆಯೋ ಇಲ್ಲವೋ, ಒಂದು ಮಾತಲ್ಲಿ ಹೇಳು.

ಸೊಸೆ: ಯಾರಿಗೆ ಅಂತ ಕೇಳಿ. ಓತಿಕ್ಯಾತಕ್ಕೆ ಇದೆ. ಮರಗಪ್ಪೆಗೆ ಇದೆ. ನಮಗೆ ಅಷ್ಟಕ್ಕಷ್ಟೆ, ಸೌಮ್ಯ ವಿಷ.

ಮಾವ: ಅದೆಂಥ ಲೆಕ್ಕ?

ಸೊಸೆ: ನಾಗರಹಾವು, ಮಂಡಲದ ಹಾವುಗಳದ್ದು ಬಾಯಿ ಮುಂಭಾಗದಲ್ಲಿ ಹಲ್ಲು. ಇಂಜೆಕ್ಷನ್ ಸೂಜಿ ಹಾಗೆ ಒಳಗೆ ದಾರಿ ಇರುತ್ತೆ, ಒತ್ತಿದರೆ ವಿಷ ಒಳಗೆ ಹೋಯ್ತು. ಇದರ ವಿಷದ ಹಲ್ಲು ಮೇಲ್ದವಡೆಯ ಹಿಂದೆ ಇದೆ. ಹಲ್ಲಿನ ಹೊರಮೈಯಲ್ಲಿ ಒಂದು ಸಣ್ಣ ಗೀರು ಇರುತ್ತೆ, ಅದರ ಗುಂಟ ವಿಷ ಇಳಿಯುತ್ತೆ.

ಮಾವ: ತೋಟದ ಬಸಿಗಾಲುವೆ ಹಾಗೆ.

ಸೊಸೆ: ಅದೇ. ಪೈಪಲ್ಲ, ಬಸಿಗಾಲುವೆ. ಹಾಗಾಗಿ ಕಚ್ಚಿ ಬಿಟ್ಟರೆ ಅದಕ್ಕೆ ಪ್ರಯೋಜನ ಇಲ್ಲ. ಬೇಟೆಯನ್ನ ಬಾಯಲ್ಲಿ ಹಿಡಿದು, ಹಿಂದಕ್ಕೆ ಎಳೆದುಕೊಂಡು, ಅದು ಸೋಲುವವರೆಗೆ ಅಗೀತಾ ಇರುತ್ತೆ. ಮನುಷ್ಯರ ಬೆರಳಿಗೆ ಕಚ್ಚಿದರೆ ನೋವು, ಬಾವು, ಜೋಮು. ಎರಡು ಮೂರು ದಿನದಲ್ಲಿ ಇಳಿಯುತ್ತೆ.

ಮಾವ: ಅದು ಸರಿ. ಹೋದ ಸಲ ಕಾಳು ಕೊಯ್ಯುವಾಗ ಏಣಿ ಮೇಲಿದ್ದವನೊಬ್ಬನ ಬೆರಳಿಗೆ ಕಚ್ಚಿತ್ತು. ಮುಂಗೈವರೆಗೆ ಬಾತಿತ್ತು. ಮೂರನೇ ದಿನ ಮತ್ತೆ ಏಣಿ ಹತ್ತಿದ.

ಸೊಸೆ: ಆಸ್ಪತ್ರೆಗೆ ಹೋಗಿರಲಿಲ್ಲವಾ?

ಮಾವ: ಹಸಿರು ಹಾವು ತಾನೆ ಅಂತ ಬಿಟ್ಟೆವು.

ಸೊಸೆ: ಹಸಿರು ಹಾವು ಅಂತ ಯಾರು ನೋಡಿದ್ದು ಮಾವ? ಹಸಿರು ಅನ್ನೋದು ಬಣ್ಣ. ಅದೇ ಬಣ್ಣದ ಮಂಡಲದ ಹಾವೂ ಈ ಘಟ್ಟದಲ್ಲಿದೆ. ಬಿದಿರು ಮಟ್ಟಿಯಲ್ಲಿ ಇರುತ್ತೆ, ಹಳ್ಳದ ಪಕ್ಕ ಇರುತ್ತೆ, ತೋಟಕ್ಕೂ ಬರುತ್ತೆ. ತಲೆ ಅಗಲ, ಮೂರು ಮೂಲೆ. ಮೈ ಗಿಡ್ಡ, ದಪ್ಪ. ಕಣ್ಣಿನ ಪಾಪೆ ನೆಟ್ಟಗೆ ಗೀಟು ಎಳೆದ ಹಾಗೆ. ಅದು ಕಚ್ಚಿದರೆ ಮೂರನೇ ದಿನ ಏಣಿ ಹತ್ತೋ ಮಾತಿಲ್ಲ. ನಮ್ಮಲ್ಲಿ ಸಿಗೋ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ಮಾಡಿದ್ದು. ಹಸಿರು ಮಂಡಲ ಆ ಪಟ್ಟಿಯಲ್ಲೇ ಇಲ್ಲ. ಅದಕ್ಕೇ ಯಾವ ಹಾವು ಅನ್ನೋದನ್ನ ವೈದ್ಯರ ಎದುರು ಯೋಚಿಸಬೇಕು, ಏಣಿ ಬುಡದಲ್ಲಿ ಅಲ್ಲ.

ಮಾವ: ಹ್ಞೂಂ. ನಾವು ಆ ದಿನ ಬಟ್ಟೆ ಬಿಗಿದು ಕಟ್ಟಿ, ಯಾವುದೋ ಬೇರು ಅರೆದು ಹಚ್ಚಿದ್ದೆವು.

ಸೊಸೆ: ಕಟ್ಟೋದೂ ಬೇಡ, ಕೊಯ್ಯೋದೂ ಬೇಡ, ಹಚ್ಚೋದೂ ಬೇಡ. ಕೈ ಅಲ್ಲಾಡಿಸದೆ ಇಟ್ಟುಕೊಂಡು ಗಾಡಿ ಹತ್ತಿಸಬೇಕು ಅಷ್ಟೆ. 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ 2020ರ ಒಂದು ಅಧ್ಯಯನ ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ 58,000. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿತು. ನೀವು ಬೇರು ಅರೆದು ಹಚ್ಚಿದ ಆ ಬೆರಳು ಯಾವ ಲೆಕ್ಕಕ್ಕೂ ಸೇರಲಿಲ್ಲ.

ಮಾವ: ಆಯ್ತು, ಒಪ್ಪಿದೆ. ಆದರೆ ಇದು ಹಸಿರು ಹಾವೇ ಅಂತ ಖಾತ್ರಿ ಆದಮೇಲೆ ಹೆದರೋದು ಎಂತಕ್ಕೆ? ಸೌಮ್ಯ ವಿಷ ಅಂದೆಯಲ್ಲ.

ಸೊಸೆ: ಸೌಮ್ಯ ಅನ್ನೋ ಮಾತನ್ನ ಪೂರಾ ನಂಬಿ ಕೂರೋಕಾಗಲ್ಲ. 1957ರಲ್ಲಿ ಷಿಕಾಗೋದಲ್ಲಿ ಕಾರ್ಲ್ ಪ್ಯಾಟರ್ಸನ್ ಶ್ಮಿಟ್ ಅಂತ ದೊಡ್ಡ ಸರೀಸೃಪ ತಜ್ಞರಿದ್ದರು. ಗುರುತು ಹಿಡಿದು ಹೇಳಿ ಅಂತ ಆಫ್ರಿಕಾದ ಒಂದು ಬೂಮ್‌ಸ್ಲಾಂಗ್ ಮರಿಯನ್ನ ಅವರ ಕೈಗೆ ಕೊಟ್ಟರು. ಅದೂ ಹಿಂದೆ ಹಲ್ಲಿರೋ ಮರದ ಹಾವೇ. ಹೆಬ್ಬೆರಳಿಗೆ ಕಚ್ಚಿತು. ಮರಿ ಹಾವು, ಸಣ್ಣ ಗಾಯ, ಏನೂ ಆಗಲ್ಲ ಅಂದುಕೊಂಡು ಮನೆಗೆ ಹೋದರು. ತಮಗೆ ಏನೇನಾಗ್ತಿದೆ ಅಂತ ಗಂಟೆ ಹಾಕಿ ಬರೆದಿಟ್ಟರು. ಮಾರನೇ ದಿನ ತೀರಿಕೊಂಡರು.

ಮಾವ: ಬರೀತಾ ಬರೀತಾ?

ಸೊಸೆ: ಬೆಳಗಿನ ತಿಂಡಿವರೆಗೆ ಬರೆದಿದ್ದಾರೆ. ನಮ್ಮ ಹಸಿರು ಹಾವು ಬೂಮ್‌ಸ್ಲಾಂಗ್ ಅಲ್ಲ, ಅಷ್ಟು ವಿಷ ಇದಕ್ಕಿಲ್ಲ. ಆದರೆ ಹಿಂದೆ ಹಲ್ಲು ಅಂದ ತಕ್ಷಣ ಪಾಪದ್ದು ಅನ್ನೋ ಲೆಕ್ಕ ತಜ್ಞರನ್ನೂ ಕೊಂದಿದೆ.

ಮಾವ: ಮುಂದಿನ ಫೋಟೋ ಹಾಕು. ಓ! ಇದು ಯಾವ ಹಾವು? ಬಾಯಿ ಇಷ್ಟಗಲ ಬಿಟ್ಟಿದೆ. ಮೈ ತುಂಬ ಕಪ್ಪು-ಬಿಳಿ ಚೌಕಳಿ.

ಸೊಸೆ: ಅದೇ ಹಾವು.

ಮಾವ: ಸಾಧ್ಯ ಇಲ್ಲ. ಅದು ಬರೀ ಹಸಿರು.

ಸೊಸೆ: ಉಸಿರು ತುಂಬಿ ಮೈ ಉಬ್ಬಿಸಿದಾಗ ಹುರುಪೆ ಹುರುಪೆ ದೂರ ಸರಿದು ನಡುವಿನ ಚರ್ಮ ಕಾಣುತ್ತೆ. ಆ ಚರ್ಮದ ಬಣ್ಣ ಕಪ್ಪು-ಬಿಳಿ. ಈ ಫೋಟೋಕ್ಕೆ ಗೆಳೆಯರ ಗುಂಪಿನಲ್ಲಿ ಎಷ್ಟು ಹೊಗಳಿಕೆ ಬಂತು ಗೊತ್ತಾ? ಇಷ್ಟು ವರ್ಷದಲ್ಲಿ ನಾನು ತೆಗೆದ ಯಾವ ಫೋಟೋಕ್ಕೂ ಬಂದಿರಲಿಲ್ಲ.

ಮಾವ: ಮೊದಲನೇ ಫೋಟೋದಲ್ಲಿ ಸುಮ್ಮನಿತ್ತಲ್ಲ. ಇದರಲ್ಲಿ ಬಾಯಿ ಎಂತಕ್ಕೆ ಬಿಡ್ತು?

ಸೊಸೆ: ...

ಮಾವ: ಕೇಳಿದ್ದು ಕೇಳಿಸ್ತಾ?

ಸೊಸೆ: ಎರಡೂ ಬೇರೆ ಬೇರೆ ದಿನದ್ದು ಮಾವ. ಬಾಯಿ ಬಿಟ್ಟಿದ್ದು ಮೊನ್ನೆ ತೆಗೆದಿದ್ದು. ನನ್ನ ಜೊತೆ ಬಂದಿದ್ದನಲ್ಲ ಗೆಳೆಯ, ಅವನು ಒಂದು ಕಡ್ಡಿಯಲ್ಲಿ ಬಳ್ಳಿ ಅಲ್ಲಾಡಿಸಿದ. ನಾನು ಬೇಡ ಅನ್ನಲಿಲ್ಲ. ಕ್ಯಾಮೆರಾ ಕಣ್ಣಿಗಿಟ್ಟುಕೊಂಡು, ಇನ್ನೊಂದು ಸಲ ಅಂದೆ. ಒಂದು ಗೇಣು ದೂರದಲ್ಲಿ ಲೆನ್ಸ್ ಹಿಡಿದಿದ್ದೆ. ಕಚ್ಚಿದರೂ ಎರಡು ದಿನ ಬಾವು ತಾನೆ ಅನ್ನೋ ಧೈರ್ಯ.

ಮಾವ: ಹಲ್ಲು ಕಿರಿದ ನಾಯಿ ಫೋಟೋ ತೆಗೆದು, ನಗ್ತಾ ಇದೆ ನೋಡಿ ಅಂದ ಹಾಗಾಯ್ತು.

ಸೊಸೆ: ಬೈಯ್ಯಿ, ಪರವಾಗಿಲ್ಲ.

ಮಾವ: ಬೈಯೋದು ಎಂತಕ್ಕೆ? ನಾನು ಕೋಲಲ್ಲಿ ಹೊಡೆದವನು, ನೀವು ಕಡ್ಡಿಯಲ್ಲಿ ತಿವಿದವರು. ನಾನು ಹೊಡೆದದ್ದು ಕಣ್ಣು ಕುಕ್ಕುತ್ತೆ ಅಂತ ಹೆದರಿ. ನೀವು ತಿವಿದದ್ದು ಎಂತ ಆಗಲ್ಲ ಅನ್ನೋ ಧೈರ್ಯದಲ್ಲಿ. ಹಾವಿಗೆ ಎರಡರಲ್ಲಿ ಯಾವ ವ್ಯತ್ಯಾಸ?

ಸೊಸೆ: ಅದನ್ನೇ ರಾತ್ರಿಯೆಲ್ಲ ಯೋಚಿಸ್ತಿದ್ದೆ. ಕಾಳಿಂಗ ಸರ್ಪ ಆಗಿದ್ದರೆ ನಾನು ಒಂದು ಗೇಣು ಹತ್ತಿರ ಹೋಗ್ತಿದ್ದೆನಾ? ಹತ್ತು ಮಾರು ದೂರ ನಿಲ್ತಿದ್ದೆ. ಆ ದೂರವನ್ನ ನಾನು ಕಾಳಿಂಗನ ಮರ್ಯಾದೆ ಅಂತ ಅಂದುಕೊಂಡಿದ್ದೆ. ಅಲ್ಲ, ಅದು ನನ್ನ ಜೀವದ ಬೆಲೆ. ಸೌಮ್ಯ ವಿಷದ ಹಾವಿನ ಮುಂದೆ ಜೀವಕ್ಕೆ ಅಪಾಯ ಇಲ್ಲ, ಆಗ ಮರ್ಯಾದೆ ಎಷ್ಟಿದೆ ಅಂತ ಗೊತ್ತಾಗುತ್ತೆ.

ಮಾವ: ಆದರೂ ಅದಕ್ಕೆ ಗಾಯ ಎಂತ ಆಗಲಿಲ್ಲವಲ್ಲ?

ಸೊಸೆ: ಗಾಯ ಕಣ್ಣಿಗೆ ಕಾಣಲಿಲ್ಲ. ಆದರೆ ಹೊಟ್ಟೆಯಲ್ಲಿ ಊಟ ಇರೋ ಹಾವನ್ನ ಕೆಣಕಿದರೆ ಓಡೋಕೆ ಹಗುರಾಗಬೇಕು ಅಂತ ಎಷ್ಟೋ ಸಲ ನುಂಗಿದ್ದನ್ನ ಕಕ್ಕಿಬಿಡುತ್ತೆ. ದಿನಗಟ್ಟಲೆ ಬಳ್ಳಿಯಾಗಿ ಕಾದು ಹಿಡಿದ ಒಂದು ಓತಿಕ್ಯಾತ ನನ್ನ ಒಂದು ಫೋಟೋಕ್ಕೆ ಹೋಯ್ತು ಅಂದುಕೊಳ್ಳಿ. ಇನ್ನೊಂದು, ಬಳ್ಳಿಯಾಗಿ ಕಾಣೋದೊಂದೇ ಅದರ ರಕ್ಷಣೆ. ಉಬ್ಬಿ ಬಾಯಿ ತೆಗೆದರೆ ಮೇಲೆ ಕೂತ ಹಕ್ಕಿಗೆ, ಎಲ್ಲರಿಗೂ ಅದು ಹಾವು ಅಂತ ಗೊತ್ತಾಗಿಬಿಡುತ್ತೆ. ಫ್ಲ್ಯಾಶ್ ಬೇರೆ ಹೊಡೆದಿದ್ದೆ. ಹಾವಿಗೆ ರೆಪ್ಪೆ ಇಲ್ಲ ಮಾವ. ಬೆಳಕು ಜಾಸ್ತಿಯಾದರೆ ಕಣ್ಣು ಮುಚ್ಚಿಕೊಳ್ಳೋ ದಾರಿಯೇ ಅದಕ್ಕಿಲ್ಲ.

ಮಾವ: ಮತ್ತೆ ಇವತ್ತು ತೆಗೆದದ್ದು?

ಸೊಸೆ: ಬೆಳಿಗ್ಗೆ ಒಬ್ಬಳೇ ಹೋದೆ. ಹಾವು ಹೆಚ್ಚು ದೂರ ಹೋಗಿರಲಿಲ್ಲ, ಪಕ್ಕದ ಮರದ ಬಳ್ಳಿಯಲ್ಲಿತ್ತು. ಮ್ಯಾಕ್ರೋ ಲೆನ್ಸ್ ಚೀಲದಲ್ಲೇ ಬಿಟ್ಟೆ. 300 ಎಂಎಂ ಹಾಕಿಕೊಂಡು ಒಂದು ಮಾರು ದೂರದಲ್ಲಿ ನಿಂತೆ. ಇನ್ನೊಂದು ಹೆಜ್ಜೆ ಇಟ್ಟಾಗ ಅದರ ನಾಲಿಗೆ ಹೊರಗೆ ಬಂದು ಹಾಗೇ ನಿಂತಿತು, ಕತ್ತು ಸ್ವಲ್ಪ ಸೆಟೆಯಿತು. ಆ ಹೆಜ್ಜೆ ವಾಪಸ್ ತಗೊಂಡೆ. ಸ್ವಲ್ಪ ಹೊತ್ತಿಗೆ ನಾಲಿಗೆ ಒಳಗೆ ಹೋಯ್ತು, ಕತ್ತು ಸಡಿಲ ಆಯ್ತು. ಸರಿ, ಇದೇ ಅದು ಕೊಟ್ಟ ಜಾಗ ಅಂದುಕೊಂಡೆ.

ಮಾವ: ಎಷ್ಟು ಹೊತ್ತು ನಿಂತೆ?

ಸೊಸೆ: ಒಂದೂವರೆ ಗಂಟೆ. ತೋಟದೊಳಗೆ ಬೆಳಕೇ ಇಲ್ಲ, ಐಎಸ್‌ಒ 1600ಕ್ಕೆ ಏರಿಸಿದರೂ ಸಾಲದು. ಹಾವು ಎದುರು ನೋಡ್ತಿದ್ದರೆ ಕಣ್ಣು ಸ್ಪಷ್ಟ ಬಂದರೆ ಮೂಗು ಮಸುಕು, ಮೂಗು ಬಂದರೆ ಕಣ್ಣು ಮಸುಕು, ಅಷ್ಟುದ್ದ ಮೂಗು ಅದರದ್ದು. ಅದು ತಾನಾಗೇ ಪಕ್ಕಕ್ಕೆ ತಿರುಗುವವರೆಗೆ ಕಾದೆ. ಗಾಳಿ ಬಂದಾಗ ಅದೂ ತೂಗುತ್ತೆ, ಗಾಳಿ ನಿಂತ ಮೇಲೂ ಸ್ವಲ್ಪ ತೂಗುತ್ತೆ. ಅಷ್ಟರಲ್ಲಿ ಕಾಲಲ್ಲಿ ಉಂಬಳ. ಅಲ್ಲಾಡೋ ಹಾಗಿಲ್ಲ, ಕುಡೀಲಿ ಅಂತ ಬಿಟ್ಟೆ.

ಮಾವ: ಅದಕ್ಕೇ ಬಂದವಳೇ ನನ್ನ ಸುಣ್ಣದ ಡಬ್ಬಿ ಹುಡುಕಿದ್ದು!

ಸೊಸೆ: ಹೂಂ. ಒಂದು ಸಲ ತಲೆ ನನ್ನ ಕಡೆ ತಿರುಗಿಸಿ ನೋಡಿತು. ಆಮೇಲೆ ತಿರುಗಿ ತನ್ನ ಕೆಲಸಕ್ಕೆ ಹೋಯ್ತು, ಅಂದರೆ ಮತ್ತೆ ಬಳ್ಳಿಯಾಯ್ತು. ನೀವು ಮೊದಲು ನೋಡಿದ್ದು ಆ ಫೋಟೋ.

ಮಾವ: ಮೊದಲಿಂದಲೂ ನಮಗೆ ಇದು ಒಂದೇ ಹಸಿರು ಹಾವು. ನಿಮ್ಮವರು ಎಂತ ಹೇಳ್ತಾರೆ?

ಸೊಸೆ: ಅವರೂ ಬಹಳ ಕಾಲ ಹಾಗೇ ಅಂದುಕೊಂಡಿದ್ದರು. ಇಡೀ ಭಾರತ, ಶ್ರೀಲಂಕಾಕ್ಕೆ ಒಂದೇ ಜಾತಿ ಅಂತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರಿದ್ದ ತಂಡ ಬೇರೆ ಬೇರೆ ಕಡೆಯ ಹಾವುಗಳ ಡಿಎನ್ಎ, ಹುರುಪೆ, ಅಳತೆ ಎಲ್ಲ ಹೋಲಿಸಿ 2020ರಲ್ಲಿ ಈ ಇಡೀ ಕುಲದಲ್ಲಿ ಐದು ಹೊಸ ಜಾತಿ ಹೆಸರಿಸಿತು. ಹಳೇ ಹೆಸರು ಈಗ ಶ್ರೀಲಂಕಾದ್ದಕ್ಕೆ ಮಾತ್ರ. ಬಯಲುಸೀಮೆಯದ್ದು ಒಂದು, ಘಟ್ಟದ ಬಡಗಣ ಭಾಗದ್ದು ಒಂದು, ನಡುಭಾಗದ್ದು ಇನ್ನೊಂದು. ನಮ್ಮ ತೋಟದ್ದು ಆ ನಡುಘಟ್ಟದ್ದೇ ಇರಬೇಕು.

ಮಾವ: ಅಂದರೆ ಬೆಂಗಳೂರಲ್ಲಿ ಕಾಣೋ ಹಸಿರು ಹಾವು ಬೇರೆ, ನಮ್ಮದು ಬೇರೆ?

ಸೊಸೆ: ಬೇರೆ. ಇದು ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ.

ಮಾವ: ಹಾಗಾದರೆ ನಾನು ದಾಸವಾಳದ ಗಿಡದಲ್ಲಿ ಕೊಂದದ್ದೂ ಈ ಘಟ್ಟದ್ದೇ. ಆಗ ಅದಕ್ಕೆ ಹೆಸರೂ ಇರಲಿಲ್ಲ.

ಸೊಸೆ: ಇದು ಮೊಟ್ಟೆ ಇಡೋದೂ ಇಲ್ಲ, ಮರಿ ಹಾಕುತ್ತೆ. ನೀವು ಕೊಂದದ್ದು ಹೆಣ್ಣೋ ಗಂಡೋ ನೋಡಿದ್ರಾ?

ಮಾವ: ಹತ್ತು ವರ್ಷದವನು ಅದನ್ನೆಲ್ಲ ಎಲ್ಲಿ ನೋಡ್ತಾನೆ? ಬಿಡು. ಒಂದು ಕೆಲಸ ಆಗಬೇಕು ನಿನ್ನಿಂದ. ಆ ಬಾಯಿ ಬಿಟ್ಟ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಳಿಸು. ಏಣಿ ಇಡೋ ಕೊಟ್ಟಿಗೆ ಗೋಡೆಗೆ ಅಂಟಿಸ್ತೇನೆ. ಕಾಳು ಕೊಯ್ಯೋಕೆ ಬರೋರು ನೋಡಿಕೊಂಡು ಹತ್ತಲಿ.

ಸೊಸೆ: ಅದು ಬೇಡ ಮಾವ.

ಮಾವ: ನಾಚಿಕೆಯಾ?

ಸೊಸೆ: ನಾಚಿಕೆಯೂ ಇದೆ. ಆದರೆ ಅದನ್ನ ನೋಡಿದವರು ಕತ್ತಿ ಹಿಡಿದೇ ಮರ ಹತ್ತುತ್ತಾರೆ. ಕಣ್ಣು ಕುಕ್ಕೋ ಹಾವು ಇದೇ ಅಂತ ಗಟ್ಟಿಯಾಗುತ್ತೆ. ಅಲ್ಲದೆ ಬಳ್ಳಿ ಮೇಲೆ ಅವರಿಗೆ ಸಿಗೋ ಹಾವು ಹಾಗೆ ಕಾಣೋದೂ ಇಲ್ಲ. ಕೈ ಹಾಕಿದ ಮೇಲೆ ಹಾಗೆ ಕಾಣೋದು. ಕೈ ಹಾಕೋ ಮೊದಲು ಕಾಣೋದು ಇವತ್ತಿನ ಫೋಟೋದ ಹಾಗೆ.

ಮಾವ: ಅದರಲ್ಲಿ ಹಾವೇ ಕಾಣಲ್ಲವಲ್ಲ. ಬರೀ ಮೆಣಸಿನ ಬಳ್ಳಿ.

ಸೊಸೆ: ಅದಕ್ಕೇ. ಏಣಿ ಎತ್ತೋ ಮೊದಲು ಪ್ರತಿಯೊಬ್ಬರೂ ಫೋಟೋದಲ್ಲಿ ಹಾವು ಎಲ್ಲಿದೆ ಅಂತ ಹುಡುಕಲಿ. ಸಿಕ್ಕಿದವರು ಮಾತ್ರ ಹತ್ತಲಿ. ಹಸಿರು ಮಂಡಲದ್ದೂ ಒಂದು ಪಕ್ಕದಲ್ಲಿ ಹಾಕೋಣ, ದೂರದಿಂದ ತೆಗೆದದ್ದು ನನ್ನ ಹತ್ತಿರ ಇದೆ. ಎರಡರ ತಲೆ ಹೋಲಿಸಿ ನೋಡಿದರೆ ಸಾಕು.

ಮಾವ: ನಾನೇ ಐವತ್ತು ವರ್ಷ ತೋಟ ತಿರುಗಿದವನು, ಸೊರಗು ರೋಗ ನೋಡ್ತಾ ಕೂತಿದ್ದೆ. ಇನ್ನು ಅವರು ಹುಡುಕೋದು ಕೊಯ್ಲು ಮುಗಿದ ಮೇಲೆ! ಕೊಡು ಇಲ್ಲಿ, ಇನ್ನೊಂದು ಸಲ ನೋಡ್ತೇನೆ. ತಲೆ ಇಲ್ಲಿದೆ. ಕತ್ತು ಇಲ್ಲಿಗೆ ಬಂತು. ಈ ಎಲೆ ಅಡಿಯಿಂದ ಹೋಗಿ, ಅಡಿಕೆ ಮರದ ಹಿಂದೆ ಒಂದು ಸುತ್ತು ಬಂದು... ಅಲ್ಲ, ಇದು ಬಳ್ಳಿ. ತಡಿ, ತಡಿ, ಹೇಳಬೇಡ.

ಸೊಸೆ: ನಾನೇನೂ ಹೇಳ್ತಾ ಇಲ್ಲ.

ಮಾವ: ಮಾರಾಯ್ತಿ, ಬಾಲ ಎಲ್ಲಿ?